ಎತ್ತರಿಸಿದ ವಾಹನಕ್ಕೆ ಎಷ್ಟು ಉದ್ದದ ಶಾಕ್ ಅಬ್ಸಾರ್ಬರ್? ಒಂದು ಅಳತೆಯ ಇತಿಹಾಸ



ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಸಂಸಾರಸಮೇತನಾಗಿ ನಮ್ಮ ಮನೆಗೆ ಬಂದಿದ್ದನು. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಅನೇಕ ವರ್ಷಗಳಿಂದ ನೆಲೆಸಿರುವವನು. ಆ ಸೀಮೆಯ ಪರ್ವತಗಳಲ್ಲಿ ಹಿಂದೆ ಬೆಳ್ಳಿ ಬಂಗಾರದ ಗಣಿಗಳಿಗಾಗಿ ಕಡಿದ ಕಲ್ಲುಹಾದಿಗಳು ಬಹಳ. ಗಣಿಗಳು ಮುಚ್ಚಿಹೋದರೂ ಹಾದಿಗಳು ಉಳಿದುಕೊಂಡಿವೆ. ರಜಾದಿನಗಳಲ್ಲಿ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ಪಿಕಪ್ ಟ್ರಕ್ಕುಗಳಲ್ಲಿ ಆ ಹಾದಿಗಳನ್ನು ಏರುವುದು ಅಲ್ಲಿಯವರಿಗೊಂದು ವಿನೋದ. ನಮ್ಮ ಶಿಷ್ಯನಿಗೂ ಅದರ ಗೀಳು ಹತ್ತಿದೆ.

ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅವನು ತನ್ನ ಕಥೆಯನ್ನು ಹೇಳಿದನು. ಬಂಡೆಗಳಿಗೆ ತಾಗದಿರಲೆಂದು ಟ್ರಕ್ಕಿನ ಹಿಂಭಾಗದ ಕಮಾನು ಪಟ್ಟಿಗಳನ್ನು ಬದಲಾಯಿಸಿ ನಾಲ್ಕು ಅಂಗುಲ ಎತ್ತರಿಸಿದನಂತೆ. ಕೆಲಸವನ್ನು ತಾನೇ, ತನ್ನ ಮನೆಯ ಶೆಡ್ಡಿನಲ್ಲಿ ಮಾಡಿಕೊಂಡನಂತೆ. “ಸಾರ್, ಶಾಕ್ ಅಬ್ಸಾರ್ಬರುಗಳು ಹೊಸದಾಗಿಯೇ ಇದ್ದವು. ಬೋಲ್ಟೂ ಸರಿಯಾಗಿ ಕುಳಿತುಕೊಂಡಿತು. ಹಾಗಾಗಿ ಹಳೆಯವನ್ನೇ ಬಿಟ್ಟೆ” ಎಂದನು. ಮೊದಲನೆಯ ಪ್ರವಾಸದಲ್ಲಿಯೇ ಹಿಂದಿನ ಚಕ್ರವೊಂದು ಆಳವಾದ ಕೊರಕಲಿಗೆ ಇಳಿಯಿತು. ಟಣ್ ಎಂದು ಸದ್ದಾಯಿತು. ಶಾಕ್ ಅಬ್ಸಾರ್ಬರಿನ ಕೆಳಗಿನ ಕೊಂಡಿ ಆಕ್ಸಲಿನಿಂದ ಕಿತ್ತುಬಂದಿತ್ತು. ಹೆಂಡತಿ, ಮಗಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹಿಂದಿರುಗುವಾಗ ಟ್ರಕ್ಕಿನ ಹಿಂಭಾಗ ದೋಣಿಯಂತೆ ತೂಗಾಡತೊಡಗಿತು. ಇಡೀ ದಾರಿ ಎತ್ತಿನ ಗಾಡಿಯ ವೇಗದಲ್ಲಿ ಮನೆ ಸೇರಿದರು.

ಬುದ್ಧಿ ಬಂದಿತೆಂದುಕೊಂಡು ಎರಡನೆಯ ಬಾರಿ ಅಂಗಡಿಯಲ್ಲಿ ದೊರೆತ ಅತ್ಯಂತ ಉದ್ದವಾದ ಶಾಕ್ ಅಬ್ಸಾರ್ಬರುಗಳನ್ನೇ ತಂದು ಹಾಕಿದನು. ಈ ಬಾರಿ ಚಕ್ರ ಕೆಳಗಿಳಿದಾಗ ಏನೂ ಆಗಲಿಲ್ಲ. ಬಂಡೆಯೊಂದನ್ನು ಏರಿ ಚಕ್ರ ಮೇಲಕ್ಕೆ ಸರಿದಾಗ ಅದರೊಳಗಿನ ಉಕ್ಕಿನ ಕಡ್ಡಿಯೇ ಬಾಗಿಹೋಯಿತು! “ಗಿಡ್ಡವಾದರೂ ಮುರಿಯಿತು, ಉದ್ದವಾದರೂ ಮುರಿಯಿತು. ಹಾಗಾದರೆ ಸರಿಯಾದ ಉದ್ದ ಯಾವುದು ಸಾರ್?” ಎಂದು ನಗುತ್ತಾ ಕೇಳಿದನು. ಅವನ ಹೆಂಡತಿ ನಗಲಿಲ್ಲ. ಆ ಹೆದ್ದಾರಿಯ ಪ್ರಯಾಣವನ್ನು ಆಕೆ ಮರೆತಿರಲಿಲ್ಲವೆಂಬುದು ಮುಖದಲ್ಲಿಯೇ ಕಾಣುತ್ತಿತ್ತು.

ಅಂದು ಅವನಿಗೆ ಹೇಳಿದ ಉತ್ತರವನ್ನು, ಅದರ ಹಿಂದಿರುವ ಇತಿಹಾಸದೊಡನೆ, ಇಲ್ಲಿ ಬರೆದಿಡುತ್ತಿದ್ದೇನೆ. ಈ ಉಪಕರಣವು ಹೇಗೆ ಹುಟ್ಟಿ ಹೇಗೆ ಈಗಿನ ರೂಪವನ್ನು ತಳೆಯಿತೆಂಬುದನ್ನು ತಿಳಿಯದೆ ಅದರ ಉದ್ದದ ಪ್ರಶ್ನೆ ಅರ್ಥವಾಗದು.

ಮೊದಲು ಸ್ಪ್ರಿಂಗಿನಿಂದ ಪ್ರಾರಂಭಿಸೋಣ. ಒಂಬತ್ತನೆಯ ತರಗತಿಯಲ್ಲಿ ನಿಮಗೆಲ್ಲ ಹುಕ್‌ನ ನಿಯಮವನ್ನು ಕಲಿಸಿದ್ದೆ. ಎಳೆದಷ್ಟೂ ಹಿಗ್ಗುತ್ತದೆ, ಎರಡು ಪಟ್ಟು ಎಳೆದರೆ ಎರಡು ಪಟ್ಟು ಹಿಗ್ಗುತ್ತದೆ ಎಂಬ ಆ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರವಾಗಿ ಪ್ರಕಟಿಸಿದನು. ಅದನ್ನು ಗಾಡಿಗಳ ಕೆಳಗೆ ಚೆನ್ನಾಗಿ ದುಡಿಸಿಕೊಂಡವರಲ್ಲಿ ಲಂಡನ್ನಿನ ಗಾಡಿ ತಯಾರಕ ಒಬಡಯಾ ಎಲಿಯಟ್ ಪ್ರಮುಖನು. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಕಣ್ಣಿನಾಕಾರಕ್ಕೆ ಬಾಗಿಸಿ, ಕುದುರೆಗಾಡಿಗೆ ಅಳವಡಿಸುವ ವಿಧಾನಕ್ಕೆ ಆತ 1804ರಲ್ಲಿ ಪೇಟೆಂಟ್ ಪಡೆದನು. ನಮ್ಮ ಲಾರಿ ಬಸ್ಸುಗಳ ಕೆಳಗೆ ಇಂದಿಗೂ ಕಾಣುವ ಕಮಾನು ಪಟ್ಟಿ ಅದರ ಬಳಗಕ್ಕೇ ಸೇರಿದ್ದು.

ಆದರೆ ಸ್ಪ್ರಿಂಗಿಗೆ ಒಂದು ದುರ್ಗುಣವಿದೆ. ಅದು ಪಡೆದುಕೊಂಡ ಶಕ್ತಿಯನ್ನು ತನ್ನಲ್ಲಿಟ್ಟುಕೊಳ್ಳದೆ ಹಿಂದಿರುಗಿಸುತ್ತದೆ. ಉಯ್ಯಾಲೆಯನ್ನು ಒಮ್ಮೆ ತಳ್ಳಿಬಿಟ್ಟರೆ ಅದು ಎಷ್ಟೋ ಹೊತ್ತು ತೂಗುತ್ತಲೇ ಇರುವಂತೆ, ಒಂದು ಗುಂಡಿಗೆ ಬಿದ್ದ ಗಾಡಿಯು ಸ್ಪ್ರಿಂಗಿನ ಮೇಲೆ ಹಲವು ಬಾರಿ ಮೇಲೆ ಕೆಳಗೆ ಕುಣಿಯುತ್ತದೆ. ಕುದುರೆಗಾಡಿಯ ವೇಗದಲ್ಲಿ ಇದು ಹೆಚ್ಚು ಬಾಧಿಸಲಿಲ್ಲ. ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದಲೇ ಕುಣಿತವು ತಕ್ಕಮಟ್ಟಿಗೆ ಅಡಗುತ್ತಿತ್ತು. ಮೋಟಾರು ಗಾಡಿ ಬಂದು ವೇಗ ಹೆಚ್ಚಿದ ಮೇಲೆ ಮೊದಲ ಗುಂಡಿಯ ಕುಣಿತ ನಿಲ್ಲುವುದರೊಳಗೆ ಎರಡನೆಯ ಗುಂಡಿ ಬರತೊಡಗಿತು. ಚಕ್ರಗಳು ನೆಲವನ್ನು ಬಿಟ್ಟು ಹಾರುತ್ತಿದ್ದವು. ನೆಲವನ್ನು ಮುಟ್ಟದ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಆದುದರಿಂದ ಕುಣಿತವನ್ನು ಅಡಗಿಸುವ ಬೇರೊಂದು ಉಪಕರಣ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಫ್ರಾನ್ಸಿನ ಟ್ರುಫೋ ಎಂಬಾತ, ಬಿಲ್ಲೆಗಳು ಒಂದಕ್ಕೊಂದು ಉಜ್ಜಿ ಘರ್ಷಣೆಯಿಂದ ಚಲನೆಯನ್ನು ತಡೆಯುವ ಸಾಧನವೊಂದನ್ನು ರೂಪಿಸಿದನು. ಅಮೆರಿಕದ ಎಡ್ವರ್ಡ್ ಹಾರ್ಟ್‌ಫರ್ಡ್ ಅದರ ಹಕ್ಕನ್ನು ಪಡೆದು ತನ್ನ ದೇಶದಲ್ಲಿ ಪ್ರಚಾರಕ್ಕೆ ತಂದನು. ಅಲ್ಲಿಂದ ಮುಂದೆ ಫ್ರಾನ್ಸಿನವನೇ ಆದ ಮಾರಿಸ್ ಹುಡೈ ಎಣ್ಣೆಯನ್ನು ಬಳಸಿಕೊಂಡನು. ಮುಚ್ಚಿದ ಡಬ್ಬಿಯೊಳಗೆ ರೆಕ್ಕೆಯೊಂದು ತಿರುಗುತ್ತದೆ, ಅದರ ಎದುರಿನ ಎಣ್ಣೆಯು ಕಿರಿದಾದ ಸಂದಿಯಲ್ಲಿ ನುಸುಳಬೇಕಾಗುತ್ತದೆ, ನುಸುಳುವ ಕಷ್ಟವೇ ಕುಣಿತಕ್ಕೆ ಕಡಿವಾಣವಾಗುತ್ತದೆ. ಕುಣಿತದ ಶಕ್ತಿಯೆಲ್ಲವೂ ಎಣ್ಣೆಯಲ್ಲಿ ಶಾಖವಾಗಿ, ಗಾಳಿಗೆ ಸೇರಿಹೋಗುತ್ತದೆ.

ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು. ಶಾಕ್ ಅಬ್ಸಾರ್ಬರ್ ಎಂದರೆ ಆಘಾತವನ್ನು ಹೀರುವುದು ಎಂದರ್ಥ. ಆದರೆ ಆಘಾತವನ್ನು ಮೊದಲು ತಾಳಿಕೊಳ್ಳುವುದು ಸ್ಪ್ರಿಂಗು. ಈ ಉಪಕರಣವು ಸ್ಪ್ರಿಂಗಿನ ಆಂದೋಲನವನ್ನು ಶಮನಮಾಡುವುದು ಮಾತ್ರ. ವಾಹನದ ಭಾರವನ್ನು ಅದು ಹೊರುವುದಿಲ್ಲ. ಇಂಗ್ಲೆಂಡಿನವರು ಇದನ್ನು ಡ್ಯಾಂಪರ್ ಎಂದು ಕರೆಯುವುದು ಹೆಚ್ಚು ಸರಿ. ವಾಹನವನ್ನು ಎತ್ತರಿಸುವುದು ಸ್ಪ್ರಿಂಗಿನ ಕೆಲಸ, ಶಾಕ್ ಅಬ್ಸಾರ್ಬರಿನ ಕೆಲಸವಲ್ಲ. ಉದ್ದವಾದ ಶಾಕ್ ಅಬ್ಸಾರ್ಬರ್ ಹಾಕಿದರೆ ಗಾಡಿ ಎತ್ತರವಾಗುತ್ತದೆಂದು ತಿಳಿದವರು ಈಗಲೂ ಇದ್ದಾರೆ. ಸಾಧಾರಣ ಶಾಕ್ ಅಬ್ಸಾರ್ಬರಿನಿಂದ ಹಾಗಾಗದು.

ಹೆನ್ರಿ ಫೋರ್ಡನ ಸುಪ್ರಸಿದ್ಧ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾಯಿತು. ಕಾರ್ಖಾನೆಯಿಂದ ಬರುವಾಗ ಅದಕ್ಕೆ ಶಾಕ್ ಅಬ್ಸಾರ್ಬರುಗಳೇ ಇರುತ್ತಿರಲಿಲ್ಲ. ಬೇಕಾದವರು ಹೊರಗಿನಿಂದ ಕೊಂಡು ಹಾಕಿಸಿಕೊಳ್ಳಬೇಕಿತ್ತು. 1927ರ ಡಿಸೆಂಬರಿನಲ್ಲಿ ಬಂದ ಮಾಡೆಲ್ ಎ ಕಾರಿಗೆ ನಾಲ್ಕೂ ಚಕ್ರಗಳ ಬಳಿ ಹುಡೈ ಮಾದರಿಯ ಎಣ್ಣೆಯ ಶಾಕ್ ಅಬ್ಸಾರ್ಬರುಗಳನ್ನು ಅಳವಡಿಸಲಾಗಿತ್ತು. ಶ್ರೀಮಂತರ ಸೊತ್ತಾಗಿದ್ದ ಅನುಕೂಲವೊಂದು ಸಾಮಾನ್ಯನ ಕಾರಿಗೆ ಬಂದುದು ಹೀಗೆ.

ಈ ಹಳೆಯ ಸಾಧನಗಳ ಡಬ್ಬಿಯು ಚಾಸಿಗೆ ಬಿಗಿಯಾಗಿರುತ್ತಿತ್ತು. ಅದರಿಂದ ಒಂದು ತೋಳು ಹೊರಟು, ಸಣ್ಣ ಕೊಂಡಿಯ ಮೂಲಕ ಆಕ್ಸಲಿಗೆ ಸೇರುತ್ತಿತ್ತು. ವಾಹನದ ಎತ್ತರ ಬದಲಾದರೆ ಆ ಕೊಂಡಿಯನ್ನು ಉದ್ದ ಮಾಡಿದರೆ ಬಹುಮಟ್ಟಿಗೆ ಸಾಕು. ಉದ್ದದ ನಿಜವಾದ ಸಮಸ್ಯೆ ಹುಟ್ಟಿದ್ದು ಒಂದು ಕೊಳವೆಯೊಳಗೆ ಇನ್ನೊಂದು ಸರಿಯುವ, ನಾವು ಇಂದು ಕಾಣುವ ದೂರದರ್ಶಕದಂತಹ ಮಾದರಿ ಬಂದ ಮೇಲೆ. 1930ರ ದಶಕದಿಂದ ಇದು ಹೆಚ್ಚು ಹೆಚ್ಚಾಗಿ ಬಳಕೆಗೆ ಬಂದಿತು. ಇದರ ತಯಾರಿಕೆ ಸುಲಭ, ಬೆಲೆ ಕಡಿಮೆ, ಎಣ್ಣೆಗೆ ಅವಕಾಶ ಹೆಚ್ಚು.

ಈ ಮಾದರಿಯನ್ನು ಜಗತ್ತಿನ ಮೂಲೆಮೂಲೆಗೆ ಕೊಂಡೊಯ್ದ ವಾಹನಗಳಲ್ಲಿ ಎರಡನೆಯ ಮಹಾಯುದ್ಧದ ಜೀಪು ಒಂದು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಮುಂದೆ ಹಿಂದೆ ಎರಡೂ ಕಡೆ ಗಟ್ಟಿಯಾದ ಆಕ್ಸಲ್, ಕಮಾನು ಪಟ್ಟಿ, ಕೊಳವೆಯಾಕಾರದ ಶಾಕ್ ಅಬ್ಸಾರ್ಬರ್. ಕಮಾನು ಪಟ್ಟಿಗಳು ಆಕ್ಸಲಿನ ಕೆಳಗೆ ಹಾದುಹೋಗಿದ್ದವು. ಈ ವಿವರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಸಂಸ್ಥೆಯವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದರು. ಮೂಡಿಗೆರೆ, ಸಕಲೇಶಪುರ, ಮಡಿಕೇರಿಯ ಕಡೆಯ ಬಂಧುಗಳಿಗೆ ಮಳೆಗಾಲದಲ್ಲಿ ತೋಟದ ಕೆಸರುಹಾದಿಯನ್ನು ಏರುತ್ತಿದ್ದ ಜೀಪುಗಳ ವಂಶದ ಪರಿಚಯವನ್ನು ನಾನು ಮಾಡಿಕೊಡಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಮಿಕ್ಕ ಜೀಪುಗಳು ಜನಸಾಮಾನ್ಯರ ಕೈಸೇರಿದವು. 1945ರಲ್ಲಿ ವಿಲ್ಲಿಸ್ ಕಂಪೆನಿಯು ನಾಗರಿಕರಿಗಾಗಿಯೇ ಜೀಪನ್ನು ಮಾರತೊಡಗಿತು. ರೈತನ ಹೊಲಕ್ಕೆಂದು ಮಾಡಿದ ಗಾಡಿಯನ್ನು ಕೆಲವರು ಬೆಟ್ಟಕ್ಕೆ ಒಯ್ದರು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿರುವ ರೂಬಿಕಾನ್ ಎಂಬ ಕಲ್ಲುಹಾದಿಯಲ್ಲಿ 1953ರಲ್ಲಿ ಮೊದಲ ಬಾರಿಗೆ ಜೀಪರ್ಸ್ ಜಂಬೋರಿ ಎಂಬ ಸಾಮೂಹಿಕ ಯಾತ್ರೆ ನಡೆಯಿತು. ಬಂಡೆಗಳ ಮೇಲೆ ಆಮೆಯ ನಡಿಗೆಯಲ್ಲಿ ಸಾಗುವ ಈ ವಿನೋದದಲ್ಲಿ ಎರಡು ಅಗತ್ಯಗಳು ಬೇಗನೆ ಎದ್ದು ಕಂಡವು. ಒಂದು, ದೊಡ್ಡ ಟೈರು. ಇನ್ನೊಂದು, ಆ ಟೈರು ಮಡ್‌ಗಾರ್ಡಿಗೆ ತಾಗದಂತೆ ವಾಹನವನ್ನು ಮೇಲೆತ್ತುವುದು.

ಮೇಲೆತ್ತುವ ಉಪಾಯಗಳನ್ನು ಜನರು ತಾವೇ ಕಂಡುಕೊಂಡರು. ಆಕ್ಸಲಿನ ಕೆಳಗಿದ್ದ ಕಮಾನು ಪಟ್ಟಿಯನ್ನು ಮೇಲಕ್ಕೆ ಕೂರಿಸುವುದು ಅವುಗಳಲ್ಲೊಂದು. ಮೇಲೆ ನೆನಪಿಡಲು ಹೇಳಿದ್ದು ಇದಕ್ಕಾಗಿ. ಆಕ್ಸಲಿನ ಕೊಳವೆಯ ದಪ್ಪ ಮತ್ತು ಪಟ್ಟಿಗಳ ಕಟ್ಟಿನ ದಪ್ಪ, ಇವೆರಡನ್ನೂ ಕೂಡಿದಷ್ಟು ಎತ್ತರ ಇದರಿಂದ ಸುಮಾರಾಗಿ ದೊರೆಯುತ್ತದೆ. ಹೆಚ್ಚು ಬಾಗಿದ ಹೊಸ ಪಟ್ಟಿಗಳನ್ನು ಹಾಕುವುದು, ಸುರುಳಿ ಸ್ಪ್ರಿಂಗ್ ಇರುವ ವಾಹನಗಳಲ್ಲಿ ಉದ್ದವಾದ ಸುರುಳಿಗಳನ್ನು ಹಾಕುವುದು, ಇವೆಲ್ಲ ಇನ್ನಿತರ ಮಾರ್ಗಗಳು.

ಈ ಗೀಳು ಯಾವ ಎತ್ತರಕ್ಕೆ ಹೋಯಿತೆಂಬುದಕ್ಕೆ ಬಾಬ್ ಚಾಂಡ್ಲರನ ಟ್ರಕ್ಕೇ ಸಾಕ್ಷಿ. ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಬಳಿ ನಾಲ್ಕು ಚಕ್ರಬಲದ ವಾಹನಗಳ ಬಿಡಿಭಾಗಗಳ ಅಂಗಡಿಯನ್ನಿಟ್ಟಿದ್ದ ಈತ, ತನ್ನ 1974ರ ಫೋರ್ಡ್ ಎಫ್-250 ಪಿಕಪ್ಪನ್ನು ಸ್ವಲ್ಪಸ್ವಲ್ಪವಾಗಿ ಎತ್ತರಿಸುತ್ತಾ ಹೋದನು. ಮುರಿದುದಕ್ಕೆ ಬದಲಾಗಿ ಇನ್ನೂ ಗಟ್ಟಿಯಾದುದನ್ನು ಹಾಕುವುದು ಅವನ ಕ್ರಮ. ಸೇನೆಯ ಲಾರಿಗಳ ಆಕ್ಸಲುಗಳು ಬಂದವು, 48 ಅಂಗುಲದ ಟೈರುಗಳು ಬಂದವು. ಬಿಗ್‌ಫುಟ್ ಎಂಬ ಹೆಸರಿನ ಆ ಟ್ರಕ್ಕು 1981ರಲ್ಲಿ ಹಳೆಯ ಕಾರುಗಳ ಮೇಲೆ ಹತ್ತಿ ಅವನ್ನು ಅಪ್ಪಚ್ಚಿ ಮಾಡಿತು. ದೈತ್ಯ ಟ್ರಕ್ಕುಗಳ ಪ್ರದರ್ಶನವೆಂಬುದು ಇಲ್ಲಿಂದ ಮೊದಲಾಯಿತು. ಕೇವಲ ಎತ್ತರಿಸಿದ ಆ ಕಾಲದ ಟ್ರಕ್ಕುಗಳು ಗಡಸು ಪಟ್ಟಿಗಳ ಮೇಲೆ ಕೋಲಾಟವಾಡುತ್ತಿದ್ದವು. ಚಕ್ರವು ಮೇಲೆ ಕೆಳಗೆ ಬಹುದೂರ ಸಾಗುವಂತೆ, ಆ ದೂರಕ್ಕೆ ತಕ್ಕ ಶಾಕ್ ಅಬ್ಸಾರ್ಬರುಗಳೊಡನೆ 1989ರಲ್ಲಿ ಚಾಂಡ್ಲರನ ತಂಡವು ಎಂಟನೆಯ ಬಿಗ್‌ಫುಟ್ಟನ್ನು ನಿರ್ಮಿಸಿತು. ಎತ್ತರ ಬೇರೆ, ಚಕ್ರದ ಸಂಚಾರ ಬೇರೆ ಎಂಬ ಪಾಠವನ್ನು ಆ ಕ್ರೀಡೆಯು ಹೀಗೆ ಕಲಿತುಕೊಂಡಿತು.

ಈಗ ನಮ್ಮ ಶಿಷ್ಯನ ಪ್ರಶ್ನೆಗೆ ಬರೋಣ. ಅವನ ಪ್ರಶ್ನೆಯಲ್ಲಿಯೇ ಒಂದು ತಪ್ಪಿತ್ತು. ‘ಸರಿಯಾದ ಉದ್ದ ಯಾವುದು’ ಎಂದು ಏಕವಚನದಲ್ಲಿ ಕೇಳಿದನು. ಶಾಕ್ ಅಬ್ಸಾರ್ಬರಿಗೆ ಇರುವುದು ಒಂದು ಉದ್ದವಲ್ಲ, ಎರಡು. ಪೂರ್ತಿ ಒತ್ತಿದಾಗಿನ ಉದ್ದ ಒಂದು, ಪೂರ್ತಿ ಎಳೆದಾಗಿನ ಉದ್ದ ಇನ್ನೊಂದು. ಇವೆರಡರ ವ್ಯತ್ಯಾಸವೇ ಅದರ ಸಂಚಾರ. ಎಳೆದಾಗಿನ ಉದ್ದವು ಚಕ್ರವು ಗುಂಡಿಗೆ ಇಳಿಯುವಾಗ ಸಾಲಬೇಕು. ಒತ್ತಿದಾಗಿನ ಉದ್ದವು ಚಕ್ರವು ಬಂಡೆಯನ್ನು ಏರುವಾಗ ಅಡ್ಡಬರಬಾರದು.

ಎರಡನ್ನೂ ಬೇಕಾದಷ್ಟು ಪಡೆಯಬಹುದಲ್ಲ ಎಂದರೆ, ಅದು ಸಾಧ್ಯವಿಲ್ಲ. ಸೈಕಲ್ ಪಂಪನ್ನು ನೆನಪಿಸಿಕೊಳ್ಳಿ. ಒಂದು ಅಡಿ ಉದ್ದದ ಪಂಪಿನ ಹಿಡಿಯನ್ನು ಎಷ್ಟೇ ಎಳೆದರೂ ಅದು ಎರಡು ಅಡಿಯನ್ನು ಮುಟ್ಟುವುದಿಲ್ಲ. ಹೊರಗೆ ಬಂದ ಕಡ್ಡಿಯೆಲ್ಲವೂ ಒತ್ತಿದಾಗ ಕೊಳವೆಯೊಳಗೇ ಅಡಗಬೇಕು. ಅದರ ಜೊತೆಗೆ ಹಿಡಿಗೆ, ಬಿರಡೆಗೆ, ತುದಿಗೆ ಸ್ವಲ್ಪ ಜಾಗ ವ್ಯರ್ಥವಾಗುತ್ತದೆ. ಶಾಕ್ ಅಬ್ಸಾರ್ಬರೂ ಹಾಗೆಯೇ. ಎಳೆದ ಉದ್ದವನ್ನು ಹೆಚ್ಚಿಸಬೇಕೆಂದರೆ ಒತ್ತಿದ ಉದ್ದವೂ ಹೆಚ್ಚುತ್ತದೆ. ಕೆಳಗೆ ಗಳಿಸಿದ್ದಕ್ಕೆ ಮೇಲೆ ತೆರಬೇಕು. ಈ ಒಂದು ಮಾತು ತಿಳಿದರೆ ಮಿಕ್ಕದ್ದೆಲ್ಲ ಕೂಡಿಸಿ ಕಳೆಯುವ ಲೆಕ್ಕ.

ಶಿಷ್ಯನು ತನ್ನ ಟ್ರಕ್ಕಿನ ಹಿಂಭಾಗದ ಅಳತೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡಿದ್ದನು. ಎಲ್ಲವೂ ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟಿನ ಮಧ್ಯದಿಂದ ಕೆಳಗಿನ ಬೋಲ್ಟಿನ ಮಧ್ಯದವರೆಗಿನ ಅಂತರಗಳು. ಎತ್ತರಿಸುವ ಮೊದಲು ಸಮನೆಲದಲ್ಲಿ ನಿಂತಾಗ ಆ ಅಂತರ 18 ಅಂಗುಲ. ಆಕ್ಸಲ್ ಪೂರ್ತಿ ಮೇಲೆ ಬಂದು ಚಾಸಿಯ ಕೆಳಗಿರುವ ತಡೆರಬ್ಬರನ್ನು ಒತ್ತಿ ನಿಂತಾಗ 15 ಅಂಗುಲ. ಮೂಲ ಶಾಕ್ ಅಬ್ಸಾರ್ಬರ್ ಒತ್ತಿದರೆ ಹದಿನಾಲ್ಕೂವರೆ, ಎಳೆದರೆ ಇಪ್ಪತ್ತಮೂರೂವರೆ ಅಂಗುಲ. ಕಾರ್ಖಾನೆಯವರು ತಡೆರಬ್ಬರಿನ ಬಳಿ ಅರ್ಧ ಅಂಗುಲದ ಉಳಿತಾಯವನ್ನು ಬಿಟ್ಟಿದ್ದುದನ್ನು ಗಮನಿಸಿ. ಆಕ್ಸಲಿನ ಏಟನ್ನು ತಡೆಯಬೇಕಾದುದು ರಬ್ಬರು, ಶಾಕ್ ಅಬ್ಸಾರ್ಬರಲ್ಲ.

ನಾಲ್ಕು ಅಂಗುಲ ಎತ್ತರಿಸಿದ ಮೇಲೆ ನಿಂತಾಗಿನ ಅಂತರ 22 ಅಂಗುಲವಾಯಿತು. ಹಳೆಯ ಶಾಕ್ ಅಬ್ಸಾರ್ಬರ್ ಇಪ್ಪತ್ತಮೂರೂವರೆಯವರೆಗೆ ಹಿಗ್ಗುವುದರಿಂದ ಬೋಲ್ಟೇನೋ ಕುಳಿತಿತು. ಆದರೆ ಚಕ್ರವು ಕೆಳಗಿಳಿಯಲು ಉಳಿದದ್ದು ಕೇವಲ ಒಂದೂವರೆ ಅಂಗುಲ! ಗಿಡ್ಡ ಹಗ್ಗದಲ್ಲಿ ಕಟ್ಟಿದ ಕರು ಜಗ್ಗಿದಂತೆ, ಕೊರಕಲಿಗೆ ಇಳಿದ ಚಕ್ರ ಮತ್ತು ಆಕ್ಸಲಿನ ಭಾರವೆಲ್ಲ ಆ ಕೊಂಡಿಯ ಮೇಲೆ ಬಿದ್ದಿತು. ಕೊಂಡಿ ಕಿತ್ತುಬಂದುದರಲ್ಲಿ ಆಶ್ಚರ್ಯವೇನಿದೆ?

ಎರಡನೆಯ ಬಾರಿ ತಂದದ್ದು ಒತ್ತಿದರೆ 19, ಎಳೆದರೆ 33 ಅಂಗುಲದ್ದು. ಕೆಳಗಿಳಿಯಲು ಧಾರಾಳವಾಗಿ 11 ಅಂಗುಲ. ಆದರೆ ಮೇಲೇರಲು 22ರಿಂದ 19ಕ್ಕೆ, ಮೂರೇ ಅಂಗುಲ. ತಡೆರಬ್ಬರು ಇನ್ನೂ 15ರಲ್ಲಿಯೇ ಕಾಯುತ್ತಾ ಕುಳಿತಿತ್ತು. ಅದಕ್ಕೆ ನಾಲ್ಕು ಅಂಗುಲ ಮೊದಲೇ ಶಾಕ್ ಅಬ್ಸಾರ್ಬರಿನ ತಳ ಮುಟ್ಟಿತು. ಟ್ರಕ್ಕಿನ ಭಾರವೆಲ್ಲ ತೆಳುವಾದ ಒಂದು ಕಡ್ಡಿಯ ಮೇಲೆ ಬಂದಿತು.

“ಅಲ್ಲಯ್ಯಾ, ಎರಡು ಬಾರಿಯೂ ನೀನು ಒಂದೊಂದು ತುದಿಯನ್ನು ಮಾತ್ರ ನೋಡಿದೆ” ಎಂದೆ. ಕ್ರಮ ಹೀಗಿರಬೇಕು. ಗಾಡಿಯ ಚಾಸಿಯನ್ನು ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ, ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿಟ್ಟು, ಆಕ್ಸಲನ್ನು ಜಾಗ್ರತೆಯಿಂದ ಇಳಿಬಿಡಬೇಕು. ಬ್ರೇಕಿನ ಹೋಸು ಬಿಗಿಯುವುದಕ್ಕೆ ಮೊದಲೇ, ಪ್ರೊಪೆಲ್ಲರ್ ಶಾಫ್ಟು ಅಡಚುವುದಕ್ಕೆ ಮೊದಲೇ ನಿಲ್ಲಿಸಿ ಅಂತರವನ್ನು ಅಳೆಯಬೇಕು. ಇದು ಕೆಳಗಿನ ತುದಿ. ಬಳಿಕ ಆಕ್ಸಲನ್ನು ತಡೆರಬ್ಬರು ಒತ್ತಿಕೊಳ್ಳುವವರೆಗೆ ಮೇಲೆತ್ತಿ ಅಳೆಯಬೇಕು. ಇದು ಮೇಲಿನ ತುದಿ. ಗಟ್ಟಿ ಆಕ್ಸಲಿನಲ್ಲಿ ಒಂದು ಚಕ್ರ ಮೇಲೇರಿದಾಗ ಇನ್ನೊಂದು ಕೆಳಗಿಳಿದು ಆಕ್ಸಲ್ ವಾಲುವುದರಿಂದ, ಒಂದೇ ಚಕ್ರವನ್ನು ಎತ್ತಿಯೂ ಎರಡೂ ಬದಿಗಳನ್ನು ಅಳೆದುಕೊಳ್ಳಬೇಕು. ಟೈರು ಎಲ್ಲಿಯಾದರೂ ತಾಗುವುದೇ ಎಂದು ಆಗಲೇ ನೋಡಿಕೊಳ್ಳಬೇಕು.

ಅವನ ಟ್ರಕ್ಕಿನಲ್ಲಿ ಕೆಳಗಿನ ತುದಿ ಇಪ್ಪತ್ತಾರೂವರೆ ಅಂಗುಲ, ಮೇಲಿನ ತುದಿ ಹಿಂದಿನಂತೆಯೇ 15. ನಡುವಿನ ಹನ್ನೊಂದೂವರೆ ಅಂಗುಲವನ್ನು ಪೂರ್ತಿ ತುಂಬುವ, ಒತ್ತಿದಾಗ 15ಕ್ಕಿಂತ ಗಿಡ್ಡವಾಗುವ ಶಾಕ್ ಅಬ್ಸಾರ್ಬರ್ ಇರಲಾರದೆಂದು ಸೈಕಲ್ ಪಂಪೇ ಹೇಳುತ್ತದೆ. ಹನ್ನೊಂದೂವರೆಗೆ ಕೊಂಡಿ ಬಿರಡೆಗಳ ಐದು ಅಂಗುಲ ಸೇರಿದರೆ ಹದಿನಾರೂವರೆಯಾಯಿತಲ್ಲ! ಆದುದರಿಂದ ಒಂದಿಷ್ಟನ್ನು ಬಿಟ್ಟುಕೊಡಬೇಕು. ಒತ್ತಿದರೆ 16, ಎಳೆದರೆ 27 ಅಂಗುಲವಾಗುವುದನ್ನು ಆರಿಸಿಕೊಂಡೆವು. ತಡೆರಬ್ಬರಿನ ಕೆಳಗೆ ಒಂದೂವರೆ ಅಂಗುಲದ ಗಟ್ಟಿ ಉಕ್ಕಿನ ತುಂಡನ್ನು ಕೂರಿಸಿ, ಮೇಲಿನ ತುದಿಯನ್ನು ಹದಿನಾರೂವರೆಗೆ ತಂದೆವು. ಈಗ ನಿಂತ ಸ್ಥಿತಿಯಿಂದ ಮೇಲೆ ಐದೂವರೆ, ಕೆಳಗೆ ನಾಲ್ಕೂವರೆ ಅಂಗುಲ ಸಂಚಾರ. ಎರಡೂ ಕೊನೆಗಳಲ್ಲಿ ಅರ್ಧರ್ಧ ಅಂಗುಲ ಉಳಿತಾಯ. ಬಂಡೆಯ ಏಟನ್ನು ರಬ್ಬರು ತಾಳುತ್ತದೆ, ಗುಂಡಿಯ ಜಗ್ಗನ್ನು ಕಮಾನು ಪಟ್ಟಿ ಅಥವಾ ಅದಕ್ಕೆಂದೇ ಕಟ್ಟುವ ಬಟ್ಟೆಯ ಪಟ್ಟಿ ತಾಳುತ್ತದೆ. ಶಾಕ್ ಅಬ್ಸಾರ್ಬರ್ ತನ್ನ ಸ್ವಂತ ಕೆಲಸವನ್ನು ಮಾತ್ರ ಮಾಡುತ್ತದೆ. ಮೇಲಿನ ಅಳತೆಗಳು ಅವನೊಬ್ಬನ ಟ್ರಕ್ಕಿನವು, ಬೇರೆ ವಾಹನದವರು ಇವನ್ನೇ ನಕಲು ಮಾಡಬೇಡಿರಿ. ಪರೀಕ್ಷೆಯಲ್ಲಿ ಪಕ್ಕದವನ ಲೆಕ್ಕದ ಉತ್ತರ ಬರೆದಂತಾದೀತು.

ಇದರಲ್ಲಿ ಎರಡು ಉಪಸೂತ್ರಗಳಿವೆ. ಮೊದಲನೆಯದು, ಎತ್ತರಿಸುವುದರಲ್ಲಿ ಎರಡು ಜಾತಿ. ಸ್ಪ್ರಿಂಗನ್ನು ಬದಲಾಯಿಸಿ ಎತ್ತರಿಸಿದರೆ ಚಾಸಿಗೂ ಆಕ್ಸಲಿಗೂ ನಡುವಿನ ದೂರ ಬದಲಾಗುತ್ತದೆ, ಶಾಕ್ ಅಬ್ಸಾರ್ಬರಿನ ವಿಚಾರ ಮಾಡಲೇಬೇಕು. ಆದರೆ ಕೆಲವರು ಚಾಸಿಗೂ ಮೇಲಿನ ಬಾಡಿಗೂ ನಡುವೆ ದಪ್ಪ ಬಿಲ್ಲೆಗಳನ್ನಿಟ್ಟು ಬಾಡಿಯನ್ನು ಮಾತ್ರ ಎತ್ತರಿಸುತ್ತಾರೆ. ಆಗ ಚಾಸಿ ಮತ್ತು ಆಕ್ಸಲುಗಳ ದೂರ ಇದ್ದಂತೆಯೇ ಇರುತ್ತದೆ. ಅಂತಹ ವಾಹನಕ್ಕೆ ಉದ್ದದ ಶಾಕ್ ಅಬ್ಸಾರ್ಬರ್ ಹಾಕುವುದು ಬೇಡದ ಖರ್ಚು, ಕೆಲವೊಮ್ಮೆ ಅಪಾಯ. ಎರಡನೆಯದು, ಓರೆಯ ಲೆಕ್ಕ. ಶಾಕ್ ಅಬ್ಸಾರ್ಬರ್ ನೇರವಾಗಿ ನಿಲ್ಲದೆ 30 ಡಿಗ್ರಿ ಓರೆಯಾಗಿದ್ದರೆ, ಆಕ್ಸಲ್ 10 ಅಂಗುಲ ಸರಿದಾಗ ಅದು ಸುಮಾರು 8.7 ಅಂಗುಲ ಮಾತ್ರ ಸರಿಯುತ್ತದೆ. ಉದ್ದದ ದೃಷ್ಟಿಯಿಂದ ಇದು ಅನುಕೂಲ. ಆದರೆ ಆಕ್ಸಲಿನ ಮೇಲಿನ ಅದರ ಹಿಡಿತವೂ ಮುಕ್ಕಾಲು ಪಾಲಿಗೆ ಇಳಿಯುತ್ತದೆ. ‘ಕೊಸೈನ್ ಕಲಿತು ಏನು ಪ್ರಯೋಜನ ಸಾರ್’ ಎಂದು ಹಿಂದಿನ ಬೆಂಚಿನಿಂದ ಕೇಳುತ್ತಿದ್ದವರಿಗೆ ಇದು ನನ್ನ ತಡವಾದ ಉತ್ತರ.

ಉದ್ದವೊಂದು ಸರಿಹೋದರೆ ಎಲ್ಲವೂ ಮುಗಿಯಿತೇ ಎಂದರೆ, ಇಲ್ಲ. ಅದಕ್ಕೆ ಮರುಭೂಮಿಯ ಓಟಗಳ ಇತಿಹಾಸವೇ ಸಾಕ್ಷಿ. ಮೆಕ್ಸಿಕೋ ದೇಶದ ಬಾಹಾ ಪರ್ಯಾಯ ದ್ವೀಪದಲ್ಲಿ 1967ರಲ್ಲಿ ತಿಹುವಾನಾದಿಂದ ಲಾ ಪಾಸ್‌ವರೆಗೆ ಮೊದಲ ದೊಡ್ಡ ಓಟ ನಡೆಯಿತು. ವಿಕ್ ವಿಲ್ಸನ್ ಮತ್ತು ಟೆಡ್ ಮ್ಯಾಂಗೆಲ್ಸ್ ಎಂಬಿಬ್ಬರು ಮೇಯರ್ಸ್ ಮ್ಯಾಂಕ್ಸ್ ಎಂಬ ಪುಟ್ಟ ಗಾಡಿಯಲ್ಲಿ 27 ಗಂಟೆ 38 ನಿಮಿಷಗಳಲ್ಲಿ ಗುರಿ ಮುಟ್ಟಿ ಗೆದ್ದರು. ಇಂತಹ ದೀರ್ಘ ಓಟಗಳಲ್ಲಿ ಶಾಕ್ ಅಬ್ಸಾರ್ಬರಿನ ಎಣ್ಣೆ ಕಾದು, ಒಳಗಿನ ಗಾಳಿಯೊಡನೆ ಕಲೆತು, ಮಜ್ಜಿಗೆ ಕಡೆದಂತೆ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಒಂದೊಂದು ಚಕ್ರಕ್ಕೆ ಒಂದಕ್ಕಿಂತ ಹೆಚ್ಚು ಶಾಕ್ ಅಬ್ಸಾರ್ಬರುಗಳನ್ನು ಹಾಕಿ ಓಟಗಾರರು ಶಾಖವನ್ನು ಹಂಚತೊಡಗಿದರು.

ನೊರೆಗೆ ಮದ್ದನ್ನು ಫ್ರಾನ್ಸಿನ ಕ್ರಿಸ್ತಿಯಾಂ ಬೂರ್ಸಿಯೇ ದ ಕಾರ್ಬೋಂ ಆ ಮೊದಲೇ, 1950ರ ದಶಕದಲ್ಲಿಯೇ, ತೋರಿಸಿದ್ದನು. ಒಂದೇ ಕೊಳವೆ, ಅದರೊಳಗೆ ಎಣ್ಣೆ, ಎಣ್ಣೆಯ ಬೆನ್ನಿಗೆ ತೇಲುವ ಬಿರಡೆ, ಅದರಾಚೆಗೆ ಒತ್ತಡದಲ್ಲಿರುವ ಅನಿಲ. ಒತ್ತಡದಲ್ಲಿರುವ ಎಣ್ಣೆ ನೊರೆಯಾಗುವುದಿಲ್ಲ. ಜರ್ಮನಿಯ ಬಿಲ್‌ಸ್ಟೈನ್ ಕಂಪೆನಿಯು ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಇಲ್ಲಿಯೂ ನಮ್ಮ ಹಳೆಯ ಲೆಕ್ಕವೇ ಅಡ್ಡಬಂದುದನ್ನು ನೋಡಿ. ತೇಲುವ ಬಿರಡೆಗೂ ಅನಿಲಕ್ಕೂ ಕೊಳವೆಯಲ್ಲಿ ಜಾಗ ಬೇಕು, ಅಷ್ಟು ಸಂಚಾರ ನಷ್ಟ. ಅದಕ್ಕಾಗಿಯೇ ಅನಿಲವನ್ನು ಪಕ್ಕದಲ್ಲೊಂದು ಪ್ರತ್ಯೇಕ ಡಬ್ಬಿಗೆ ಸಾಗಿಸಿ, ಕೊಳವೆಯ ಉದ್ದವನ್ನೆಲ್ಲ ಸಂಚಾರಕ್ಕೇ ಬಿಟ್ಟುಕೊಡುವ ಪದ್ಧತಿ ಬಂದಿತು. ಎತ್ತರಿಸಿದ ಟ್ರಕ್ಕುಗಳ ಶಾಕ್ ಅಬ್ಸಾರ್ಬರಿನ ಪಕ್ಕದಲ್ಲಿ ಮರಿಯಂತೆ ಅಂಟಿಕೊಂಡಿರುವ ಡಬ್ಬಿಯನ್ನು ಚಿತ್ರಗಳಲ್ಲಿ ಕಂಡಿರುವವರಿಗೆ ಅದರ ಗುಟ್ಟು ಇದೇ.

ಕೊನೆಯಲ್ಲಿ ನಮ್ಮ ದೇಶದಲ್ಲಿರುವ ತರುಣ ಬಂಧುಗಳಿಗೆ ಒಂದು ಎಚ್ಚರಿಕೆ. ಎತ್ತರಿಸಿದ ವಾಹನದ ಗುರುತ್ವಕೇಂದ್ರವೂ ಮೇಲೇರುವುದರಿಂದ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚು. ಶಾಕ್ ಅಬ್ಸಾರ್ಬರ್ ಎಷ್ಟೇ ಸರಿಯಾಗಿದ್ದರೂ ಇದು ತಪ್ಪದು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಈ ಬಗ್ಗೆ ಬೇರೆಬೇರೆ ನಿಯಮಗಳಿವೆ. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನು ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಶಿಷ್ಯನ ಕಥೆಯನ್ನು ಓದಿ, ಮನೆಯ ಜೀಪಿಗೆ ಸ್ಪ್ಯಾನರು ಹಿಡಿಯುವ ಮುನ್ನ ಇದನ್ನು ನೆನೆಯಿರಿ.

ಶಿಷ್ಯನು ಹಿಂದಿರುಗಿದ ಎರಡು ತಿಂಗಳ ಮೇಲೆ ಪತ್ರ ಬರೆದಿದ್ದನು. ಹೊಸ ಶಾಕ್ ಅಬ್ಸಾರ್ಬರುಗಳನ್ನು ಹಾಕಿ, ಬ್ರೇಕಿನ ಹೋಸನ್ನೂ ಉದ್ದದ್ದಕ್ಕೆ ಬದಲಾಯಿಸಿ, ಮೊದಲು ತಾನೊಬ್ಬನೇ ಹಳೆಯ ಗಣಿಹಾದಿಗೆ ಹೋಗಿಬಂದನಂತೆ. ಮನೆಗೆ ಬಂದು ಮಲಗಿ ಕೆಳಗೆಲ್ಲ ಬ್ಯಾಟರಿ ಬಿಟ್ಟು ನೋಡಿದರೆ, ತಡೆರಬ್ಬರಿನ ಮೇಲೆ ಆಕ್ಸಲ್ ಒತ್ತಿದ ಗುರುತು ಮೂಡಿತ್ತು. ಶಾಕ್ ಅಬ್ಸಾರ್ಬರಿಗೆ ಏನೂ ಆಗಿರಲಿಲ್ಲ. ಅದನ್ನು ಹೆಂಡತಿಗೆ ತೋರಿಸಿದ ಮೇಲೆಯೇ ಆಕೆ ಮಗಳನ್ನು ಕರೆದುಕೊಂಡು ಮತ್ತೆ ಆ ಟ್ರಕ್ಕನ್ನು ಏರಲು ಒಪ್ಪಿದಳಂತೆ.

ಅಳತೆಪಟ್ಟಿಯ ಕೆಲಸ ಅರ್ಧ ದಿನದ್ದು. ಅದನ್ನು ಮಾಡದೆ ಎರಡು ಬಾರಿ ಹಣ ತೆತ್ತನು. ಹೆಂಡತಿ ಮಕ್ಕಳ ಮುಂದೆ ಒಂದು ಸಂಜೆ ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಗಾಡಿ ಓಡಿಸಿದನು. ಮೂರನೆಯ ಬಾರಿ ಎರಡೂ ತುದಿಗಳನ್ನು ಅಳೆದನು. ಕಲಿಯುವುದಕ್ಕೆ ವಯಸ್ಸು ಮೀರಿಲ್ಲವೆಂಬ ಸಂತೋಷ ನನಗೆ.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ.

ಇಂತು,
ನಿಮ್ಮ ಮೇಷ್ಟ್ರು